ಅಕ್ಕಿ ಡಬ್ಬಿ

ರಾತ್ರಿ ಒಂಬತ್ತಾದರೆ ನನ್ನ ಫೋನು
ಕುಚ್ಚಲಕ್ಕಿ ಡಬ್ಬಿಯೊಳಗೆ ಮಲಗುತ್ತದೆ.
ಮೇಲಿನ ಮಂಚದಿಂದ ಕಾಲು ಇಳಿಬಿಟ್ಟು ಬಸ್ತ್ಯಾಂವ್ ನಗುತ್ತಾನೆ:
"ನೀನು ನೋಡದಿದ್ದರೆ ಲೋಕ ನಿಂತು ಹೋಗ್ತದಾ ಮಾರಾಯ?"

ನಿಲ್ಲುವುದಿಲ್ಲ. ಗೊತ್ತು.
ಮುಹರ್ರಕ್ಕಿನ ಈ ಕೋಣೆಯಲ್ಲಿ ಆರು ಮಂಚ,
ಆರು ಮುಖಗಳ ಮೇಲೆ ನೀಲಿ ಬೆಳಕು;
ಒಬ್ಬನ ಅಂಗೈಯಲ್ಲಿ ಬಿರುಗಾಳಿ, ಇನ್ನೊಬ್ಬನದರಲ್ಲಿ ಯುದ್ಧ,
ಮೂರನೆಯವನಿಗೆ ಬೆಳ್ಳುಳ್ಳಿ ತಿಂದರೆ ಸಾವೇ ಇಲ್ಲವೆಂದು
ಯಾರೋ ಡಾಕ್ಟರು ಕೈಮುಗಿದು ಹೇಳುತ್ತಿದ್ದಾನೆ.

ನಾನು ಲಿಫ್ಟು ರಿಪೇರಿಯವನು.
ಹಗಲಿಡೀ ಕತ್ತಲ ಬಾವಿ, ಉಕ್ಕಿನ ಹಗ್ಗ, ಗ್ರೀಸು.
ಕೋಣೆಗೆ ಬಂದರೆ ಹೆಬ್ಬೆರಳೇ ಲಿಫ್ಟು:
ಇಳಿಯುತ್ತದೆ ಇಳಿಯುತ್ತದೆ
ಯಾವ ಮಹಡಿಯಲ್ಲೂ ಬಾಗಿಲು ತೆರೆಯದು.

ಆ ಮೂರು ದಿನ
ಎಲ್ಲಿಯದೋ ಸೇತುವೆ ಕುಸಿದದ್ದನ್ನು
ಹದಿನೇಳು ಕಡೆಯಿಂದ ನೋಡಿದೆ.
ಊರಿನ ಗ್ರೂಪಿನಲ್ಲಿ ಜಗಳ; ನಾನೂ ಎರಡು ಮಾತು ಹಾಕಿದೆ,
ಯಾರ ಪರ ಅಂತ ಈಗ ನೆನಪಿಲ್ಲ.
ಎದೆ ಡವಗುಟ್ಟುತ್ತಿತ್ತು, ಅನ್ನ ಸೇರಲಿಲ್ಲ.
ಇನ್ನೂರ ಹದಿನಾಲ್ಕು ಮೆಸೇಜುಗಳ ಅಡಿಯಲ್ಲಿ
ಹೂತುಹೋಗಿತ್ತು ಮಗಳ ದನಿ,
ನಲವತ್ತು ಸೆಕೆಂಡು:
ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು...
ಏಳೇಳ್ಲ ನಲವತ್ತೊಂಬತ್ತು,
ಏಳೆಂಟ್ಲ...
ಅಪ್ಪಾ, ಏಳೆಂಟ್ಲ ಎಷ್ಟು? ಬೇಗ ಹೇಳು,
ನಾಳೆ ಟೀಚರ್ ಕೇಳ್ತಾರೆ.

ಆ ನಾಳೆ ಮೊನ್ನೆಯೇ ಮುಗಿದಿತ್ತು.

ಶುಕ್ರವಾರ ದೋಣಿಗಳ ಬಳಿ ಮುದುಕ ಮರ್ಜೂಕ್
ತಂತಿಯಿಂದ ಗರ್ಗೂರು ಹೆಣೆಯುತ್ತಿದ್ದ,
ಸೊಂಟದೆತ್ತರದ ಮೀನುಬುಟ್ಟಿ.
ಬಾಯಿ ಅಗಲ, ಗಂಟಲು ಸಣ್ಣ:
ಮೀನು ಒಳಗೆ ಬರುವುದು ಸಲೀಸು.
ಹೊರಗೆ? ಎಂದೆ ನನ್ನ ಹರಕು ಅರಬ್ಬಿಯಲ್ಲಿ.
ಪಕ್ಕದಲ್ಲೊಂದು ಪುಟ್ಟ ಬಾಗಿಲು ತೋರಿಸಿದ,
ಹಗ್ಗದ ಕುಣಿಕೆ, ಎಳೆದರೆ ಬಿಚ್ಚುವಂಥದ್ದು.
"ಇದಕ್ಕೆ ಕೈ ಬೇಕು," ಎಂದು
ಮತ್ತೆ ತಂತಿಗೆ ಬಗ್ಗಿದ.

ಅಂದಿನಿಂದ ಡಬ್ಬಿ.
ಬೆಳಿಗ್ಗೆ ಚಾ ಕುಡಿದ ಮೇಲೆ ಒಂದಿಷ್ಟು ಸುದ್ದಿ;
ಸಂಜೆ ಮೊದಲು ಮಗಳು, ಆಮೇಲೆ ಲೋಕ.
ಸುಳ್ಳು ಹೇಳುವುದೇಕೆ, ಎರಡು ಸಲ ಕದ್ದು ತೆಗೆದಿದ್ದೇನೆ,
ಪರದೆಯ ಮೇಲೆಲ್ಲ ತೌಡಿನ ಧೂಳು.

ಈಗಲೂ ಅದು ಒಳಗೆ ನಡುಗಿದರೆ
ಹುಳ ಹಿಡಿದಂತೆ ಅಕ್ಕಿ ಗುಂಯ್‌ಗುಡುತ್ತದೆ.
ಕೈ ಏಳುತ್ತದೆ.
ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತದೆ, ಎಣಿಸುತ್ತೇನೆ.
ಏಳೆಂಟ್ಲ ಐವತ್ತಾರು ಪುಟ್ಟಿ,
ಐವತ್ತಾರು.
ಏಳೊಂಬತ್ಲ...