ಮೂರನೇ ಚೌಕ

ಹಗಲ ಬೆಳಕಲ್ಲೇ ತೆಗೆ, ಎನ್ನುತ್ತಾಳೆ ಡಾಕ್ಟರ್ ಸುನ್ನೀವ.
ಹ್ಯಾಮರ್‌ಫೆಸ್ಟಿನಲ್ಲಿ. ಡಿಸೆಂಬರಿನಲ್ಲಿ.
ನವೆಂಬರಿನಲ್ಲಿ ಮುಳುಗಿದ ಸೂರ್ಯ
ಜನವರಿಯ ತನಕ ರಜೆ ಹಾಕಿದ್ದಾನೆ.
ಹನ್ನೊಂದರಿಂದ ಒಂದರವರೆಗೆ ಕಿಟಕಿಯಲ್ಲಿ
ಶಾಯಿ ಬಾಟಲಿ ತೊಳೆದ ನೀರಿನ ನೀಲಿ,
ಆಮೇಲೆ ಅದೂ ಇಲ್ಲ.

ಈ ಕಿವಿ ಕ್ಲಿನಿಕ್ಕಿನ ಬಾಗಿಲಲ್ಲಿ ಕೂರುವವನು ನಾನು.
ಫೋನೆತ್ತುವುದು, ಬ್ಯಾಟರಿ ಮಾರುವುದು, ಹೆಸರು ಕೂಗುವುದು,
ಕೂಗುವುದೆಂದರೆ ಇಲ್ಲಿ ನಿಜಕ್ಕೂ ಕೂಗುವುದು.
ಈಗ ವಾರಕ್ಕೆ ಮೂರು ಫೋಟೊ, ಅದೂ ನನ್ನ ತಲೆಗೇ.
ಎದುರು ಬೀದಿಯ ಹಲ್ಲಿನ ಡಾಕ್ಟರಿಗೇನು ಕಷ್ಟ!
ಆಗಿನ ಹಲ್ಲು, ಈಗಿನ ಹಲ್ಲು, ಅಕ್ಕಪಕ್ಕ ಇಟ್ಟರಾಯಿತು,
ಊರೆಲ್ಲ ಹೃದಯ ಒತ್ತುತ್ತದೆ.
ಕೇಳಿಸಿದ್ದನ್ನು ಹೇಗೆ ತೋರಿಸಲಿ?
ಕಿವಿ ಮೊದಲೂ ಹಾಗೇ ಇತ್ತು, ಆಮೇಲೂ ಹಾಗೇ.
ಯಂತ್ರವೋ ಕಡಲೆಕಾಳಿನಷ್ಟು,
ಕಾಣದಿರುವುದಕ್ಕೇ ಅದಕ್ಕಷ್ಟು ಬೆಲೆ.

ಹಸಿರು ಗೋಡೆ ಮುಖಕ್ಕೆ ಕಾಮಾಲೆ ಬಳಿಯುತ್ತದೆ, ಕಲಿತೆ.
ಮೇಜಿನ ಮೇಲಿನ ಪ್ಲಾಸ್ಟಿಕ್ ಕಿವಿಯನ್ನು ಮೊದಲು ಡ್ರಾಯರಿಗೆ ತಳ್ಳಬೇಕು,
ಪರದೆಯಲ್ಲಿ ಇನ್ನೊಬ್ಬರ ಹೆಸರು ತೆರೆದಿರಬಾರದು.
ನಗಿ ಅಂದರೆ ಪಾಸ್‌ಪೋರ್ಟಿನ ಮುಖ ಬರುತ್ತದೆ;
ಮೀನಿನ ಮಾತು ತೆಗೆದರೆ ತಾನಾಗಿ ಅರಳುತ್ತದೆ.

ಗುರುವಾರ ಬಂದವಳು ಓಡ್‌ವೈಗ್.
ಮೂವತ್ತೆರಡು ವರ್ಷ ಮೀನು ಸೀಳುವ ಯಂತ್ರದ ಪಕ್ಕ ನಿಂತವಳು.
ಮಾತಾಡುವವರ ತುಟಿ ನೋಡುತ್ತಾಳೆ, ಕಣ್ಣನ್ನಲ್ಲ;
ನನ್ನ ಗಡ್ಡ ಅವಳಿಗೆ ಅಡ್ಡ ಬಂತು.
ಟೊಪ್ಪಿಗೆ ತೆಗೆದವಳೇ ನರೆಗೂದಲನ್ನು
ಕಿವಿ ಮುಚ್ಚುವಂತೆ ಎಳೆದುಕೊಂಡಳು.
ಸರಿಸಿ ಎನ್ನಲು ನಾಲಿಗೆ ಏಳಲಿಲ್ಲ.

ಸುನ್ನೀವ ಯಂತ್ರ ಕೂರಿಸಿ, ಗುಂಡಿ ಒತ್ತಿ, ಕಾದಳು.
ನಾನು ಮೊಣಕಾಲೂರಿ ಉಸಿರು ಹಿಡಿದೆ.
ಅತ್ತರೆ ಸಾಕು ಎಂದು ಆಸೆಪಟ್ಟೆ. ಹೌದು, ಪಟ್ಟೆ.
ಕಣ್ಣೀರಿದ್ದರೆ ಫೋಟೊ ದೂರ ಹೋಗುತ್ತದೆ.

ಅವಳು ಅಳಲಿಲ್ಲ.
ತನ್ನ ನೈಲಾನ್ ಕೋಟಿನ ತೋಳನ್ನು ಉಜ್ಜಿದಳು, ಮತ್ತೆ ಉಜ್ಜಿದಳು.
"ಇದು ಇಷ್ಟು ಗಲಾಟೆ ಮಾಡುತ್ತಿತ್ತೇ? ಚರ್ಚಿನಲ್ಲೂ?"
ಒತ್ತಿದೆ.
ಥಟ್ಟನೆ ತಿರುಗಿದಳು.
"ಏನದು, ಚಿಟಕ್ ಅಂದದ್ದು?"
ಕ್ಯಾಮೆರಾ, ಎಂದೆ.
"ಇನ್ನೊಮ್ಮೆ ಮಾಡು."
ಮಾಡಿದೆ.
"ಇನ್ನೊಮ್ಮೆ."
ಹದಿನಾಲ್ಕು ಬಾರಿ ಮಾಡಿದೆ.
ಬೆಳಕು, ಗೋಡೆ, ಫೋಕಸ್ಸು, ಯಾರು ನೋಡಿದರು!
ಬರೀ ಸದ್ದಿಗೆಂದು ಫೋಟೊ ತೆಗೆದದ್ದು ಅದೇ ಮೊದಲು.

ಕೊನೆಗೆ ಒಪ್ಪಿಗೆ ಪತ್ರ. ಮೂರು ಚೌಕ.
ಕ್ಲಿನಿಕ್ಕಿನ ಕಡತಕ್ಕೆ: ಗುರುತು ಹಾಕಿದಳು.
ಗೋಡೆಗೆ: ಹಾಕಿದಳು.
ಜಾಲತಾಣಕ್ಕೆ: ಪೆನ್ನು ಅಲ್ಲೇ ನಿಂತಿತು.
"ನಮ್ಮ ಬುಧವಾರದ ಹೆಣಿಗೆ ಗುಂಪಿನವರು ನೋಡುತ್ತಾರೆಯೇ?"
ನೋಡಬಹುದು.
"ನನಗೆ ಕೇಳಿಸದು ಎಂದು ಎದುರಿಗೇ ಏನೇನೋ ಆಡುತ್ತಾರೆ, ಏಳು ವರ್ಷದಿಂದ.
ಒಂದು ತಿಂಗಳು ಆಡಲಿ, ತಡಿ."
ಎಂದು, ಯೋಚಿಸಿ, ಗೋಡೆಯ ಗುರುತನ್ನೂ ಹೊಡೆದುಹಾಕಿದಳು.

ಆ ವಾರ ಪ್ಲಾಸ್ಟಿಕ್ ಕಿವಿಗೆ ಕ್ರಿಸ್‌ಮಸ್ ಟೋಪಿ ತೊಡಿಸಿ ತೆಗೆದೆ.
ಹನ್ನೊಂದು ಹೃದಯ. ಒಂದು ಹಲ್ಲಿನ ಡಾಕ್ಟರದ್ದು.

ಮುಂದಿನ ಬುಧವಾರ ಗ್ರಂಥಾಲಯದ ಗಾಜಿನಾಚೆ ಕಂಡಳು,
ಐವರ ನಡುವೆ, ಕಿವಿಯ ಮೇಲೆ ಕೂದಲು,
ಕೈಯಲ್ಲಿ ಅರ್ಧ ಕಾಲುಚೀಲ.
ಎಲ್ಲರೂ ಮಾತಾಡುತ್ತಿದ್ದರು,
ಅವಳ ಕಣ್ಣು ಮಾತ್ರ ಹೆಣಿಗೆಯ ಕಡ್ಡಿಯ ಮೇಲೆ.
ತುಟಿ ನೋಡಬೇಕು, ಓಡ್‌ವೈಗ್, ತುಟಿ!
ಎಂದು ಬೀದಿಯಿಂದಲೇ ಕೂಗಬೇಕೆನಿಸಿತು.
ಕೂಗಲಿಲ್ಲ,
ಕೇಳಿಸಿಬಿಟ್ಟರೆ?