ಮೂರು ಎಣಿಸೂದ್ರಾಗ

ಟಿಕೀಟಿನ ಬದಲಿ ಒಂದು ತಗಡಿನ ಬಿಲ್ಲೆ ಕೊಟ್ರು,
ನಂಬರ್ ನಲವತ್ತೇಳು.
ಫೋನು ಬಿದಿರಿನ ಬುಟ್ಟ್ಯಾಗ ಇಡ್ರಿ ಅಂದ್ರು.
ನನ್ನ ಕುರ್ಚಿ ಯಾವ ಸಾಲಿನ್ಯಾಗ, ಕೇಳಿದೆ.
ಕುರ್ಚಿ ಇಲ್ರಿ ಅಜ್ಜಾರ, ಪರದೆನೂ ಇಲ್ಲ,
ಎಲ್ಲಿ ಬೇಕಾದಲ್ಲಿ ಅಡ್ಡಾಡ್ರಿ,
ಯಾರರ ಕೈ ಹಿಡದ್ರ ಸಂಗಾಟ ಹೋಗ್ರಿ.

ಗದಗಿನ ಮುಳಗುಂದ ನಾಕಾದ ಹಿಂದ
ಎಂದೋ ಬಾಗಿಲಾ ಹಾಕಿದ ಜಿನ್ನಿಂಗ್ ಫ್ಯಾಕ್ಟರಿ.
ಮೂವತ್ತೊಂದು ವರ್ಷ ನಾಟಕ ಕಂಪನಿಯೊಳಗ
ಪ್ರಾಂಪ್ಟರ್ ಆಗಿದ್ದವ ನಾನು, ರಾಜೇಸಾಬ ನದಾಫ.
ಒಳಗ ಕಾಲಿಟ್ಟ ಕೂಡ್ಲೆ ಕಣ್ಣು ಹುಡುಕಿದ್ದು ಸೈಡ್ ವಿಂಗು.
ನಾಕೂ ಕಡೆ ಬರೇ ಗ್ವಾಡಿ, ನಡುವ ಜನ.
ಅವರೊಳಗ ನಟರು ಯಾರು, ರೊಕ್ಕಾ ಕೊಟ್ಟವರು ಯಾರು,
ಅರಳ್ಯಾಗ ಕಾಳು ಹುಡುಕಿದಂಗ.

ಬ್ಯಾಂಕಿನ ಮ್ಯಾನೇಜರು ತಕ್ಕಡಿ ಹಿಡದು ಹತ್ತಿ ತೂಗತಿದ್ದ,
ಎಂಟು ಕಿಲೋ ಕಡಿಮಿ ಐತಿ ಅಂತ
ಯಾರಿಗೋ ಖರೇನ ಬೈದ.
ಕಾಲೇಜು ಹುಡುಗ ಪಗಾರದ ಪುಸ್ತಕದಾಗ
ಗುರುತಿಲ್ಲದ ಹೆಸರಿನ ಮುಂದ ಹೆಬ್ಬಟ್ಟು ಒತ್ತಿ
ಮಸಿ ಪ್ಯಾಂಟಿಗೆ ಒರಸಿಕೊಂಡ.
ಮೂಲ್ಯಾಗ ಪಿಂಜಾರನ ಬಿಲ್ಲು ನಿಲ್ಲಿಸಿದ್ರು,
ಅಪ್ಪನ ಕೈಯಾಗ ಇರತಿದ್ದಂಥಾದು.
ಬೆರಳು ತಾಗಿಸಿದೆ. ಟುಂಯ್ ಅಂತು.
ಸಾಮಾನು ಮುಟ್ಟಬ್ಯಾಡ್ರಿ ಅಂತ ಯಾರೂ ಅನ್ನಲಿಲ್ಲ.

ಆಗ ಒಬ್ಬ ಹುಡುಗಿ ಮುಂಗೈ ಹಿಡದಳು.
ಬೆಟಗೇರಿ ಹಬೀಬರ ಮಗಳಂತ, ಆಮ್ಯಾಲೆ ತಿಳೀತು.
ಬಾಯ್ಲರ್ ಖೋಲ್ಯಾಗ ನಾವಿಬ್ಬರ, ಒಂದು ಕಂದೀಲು.
"ಗೇಟು ಹಾಕಿದ ದಿನ," ಅಂದಳು,
"ಬಿಲ್ಲೆ ಕಸಕೊಂಡ್ರು. ಸಂಜಿ ಆತು. ನಾನು..."
ನಿಂತಳು.

ಒಂದು.
ಎರಡು.
ಮೂರರೊಳಗ ಮಾತು ಕೊಡಬೇಕು, ಅದು ನಮ್ಮ ದಂಧೆ.
ಮೂರು ದಾಟಿದ್ರ ಮುಂದಿನ ಸಾಲಿನವ ಕೆಮ್ಮತಾನ,
ಐದಕ್ಕ ಸೀಟಿ, ಏಳಕ್ಕ ಮಾಲಕ.
ಎಷ್ಟು ರಾಜರಿಗೆ ರಾಜ್ಯ ಕೊಟ್ಟೇನಿ ಪಿಸುಗುಟ್ಟಿ,
ಎಷ್ಟು ಹೆಂಡರಿಗೆ ಅಳು!
ತುಟಿ ತಾನ ಅಲುಗಿತು:
"ನಾನು ಮನಿಗೆ ಹೋಗಲಿಲ್ಲ."

ಆಕಿ ಮಾತು ತಗೊಳ್ಳಲಿಲ್ಲ. ತಿರುಗಿದಳು.
"ಹೋಗಲಿಲ್ಲಾ? ಮತ್ತೆಲ್ಲಿ ಹೋದಿ?"

ಕೈಯಾಗ ಪುಸ್ತಕ ಇಲ್ಲ.
ಆ ಖಾಲಿ ಜಾಗಾ ನನಗಂತನ ಹಿಡದಿಟ್ಟಿದ್ರು,
ನಲವತ್ತೇಳನೇ ಕುರ್ಚಿ.

ಬಸ್ ಸ್ಟ್ಯಾಂಡಿಗೆ, ಅಂದೆ.
ದನಿ ಎಷ್ಟು ದೊಡ್ಡದಿತ್ತಂದ್ರ
ಯಾರದು ಅಂತ ನಾನ ಹೊಳ್ಳಿ ನೋಡಿದೆ.
ಕಂಪನಿ ಮುಚ್ಚಿ ತಗಡು, ಬಲ್ಲೀಸು ಮಾರಿದ ವಾರ
ಬೀಬಿಜಾನಗ ಹೇಳಿದ್ದೆ, ಕ್ಯಾಂಪು ಇಳಕಲ್ಲಿಗೆ ಹೊಂಟೈತಿ.
ಹದಿನಾಲ್ಕು ರಾತ್ರಿ ಇದ ಊರಾಗ
ಮನಿಯಿಂದ ಒಂದು ಹರದಾರಿ ದೂರ
ಟ್ರಂಕಿನ ಮ್ಯಾಲೆ ಮಲಗಿದೆ.
ಹದಿನೈದನೇ ದಿನ ಇಳಕಲ್ಲ ಸೀರಿ ಒಯ್ದು ಕೊಟ್ಟೆ,
ಇಲ್ಲೇ ಬಜಾರದಾಗ ಉದ್ರಿ ತಂದದ್ದು.

ಹುಡುಗಿ ಕಂದೀಲು ಸಣ್ಣ ಮಾಡಿದಳು.
ಚಪ್ಪಾಳಿ ಇಲ್ಲ, ಮಂಗಳ ಇಲ್ಲ.
ಹಿತ್ತಲ ಬಾಗಿಲಿಂದ ಹೊರಗ ಬಿದ್ದೆ,
ಬಿಲ್ಲೆ ಕಿಸೇದಾಗ ಉಳದಿತ್ತು.

ಮರುದಿನ ನೋಡಿ ಬಂದವರು ಹೇಳಿದ್ರು:
ಆ ಹುಡುಗಿ ಇಳಕಲ್ಲ ಸೀರಿದೊಂದು ಮಾತು ಆಡತಾಳ,
ಎದಿ ಹಿಂಡತೈತಿ ನೋಡ್ರಿ, ಯಾರು ಬರದಾರೋ!
ಬಾಯಿಗೆ ಬಂದದ್ದು ನುಂಗಿದೆ.
ಪ್ರಾಂಪ್ಟರನ ಹೆಸರು ಹ್ಯಾಂಡ್‌ಬಿಲ್ಲಿನ್ಯಾಗ ಎಂದಿತ್ತು?

ಬೀಬಿಜಾನಳ ಕಿವಿಗೂ ಬಿತ್ತು.
ಕಂಪನಿ ನಾಟಕ ಒಂದೂ ನೋಡಿದಾಕಿ ಅಲ್ಲ,
"ಕಾಣದಂಗ ಕುಂಡರತೀರಿ, ನೋಡೂದೇನು?" ಅಂತಿದ್ದಳು.
ಈಗ ಹಟ ಹಿಡದಳು.
ಮುನ್ನೂರು ರೂಪಾಯಿ ಕೈಯಾಗಿಟ್ಟು
ಒಬ್ಬಾಕಿನ್ನ ಒಳಗ ಕಳಿಸೇನಿ.
ಅದ ಸೀರಿ ಉಟ್ಟಾಳ, ಸೆರಗು ಎರಡು ಕಡೆ ಹೊಲದಾಳ.

ಗೇಟಿನ ಹೊರಗ ಕಲ್ಲಿನ ಮ್ಯಾಲೆ ಕುಂತೇನಿ,
ಕಾಗದದಾಗಿನ ಗಿರ್ಮಿಟ್ ಮೆತ್ತಗಾತು.
ಒಡದ ಕಿಟಕಿಯೊಳಗ ಕಂದೀಲೊಂದು
ಬಾಯ್ಲರ್ ಖೋಲಿ ಕಡೆ ಹೊಂಟೈತಿ,
ಅದರ ಹಿಂದ ಒಂದು ಸೆರಗು.

ಒಂದು.

ಎರಡು.