ಅತ್ತೆಯ ಮನೆ ಕಡಿದವನು

ಐದೂಕಾಲು. ತೆಮೆಂಗೊರ್ ಸರೋವರ ಇನ್ನೂ ಡಾಂಬರಿನಂತೆ ಕಪ್ಪು.
ದೋಣಿ ಇಳಿದವಳೇ ಕಾಲುಚೀಲಕ್ಕೆ
ಹೊಗೆಸೊಪ್ಪು ಉಜ್ಜಿಕೊಂಡೆ, ಇಂಬಳಗಳಿಗೆ ಹೆದರಿ.
ಬರಿಗಾಲಲ್ಲೇ ನಿಂತಿದ್ದ ಮುದುಕ ಪಾಂಡಾಕ್ ನಕ್ಕ:
"ಅವಕ್ಕೂ ಹೊಟ್ಟೆ ಇದೆಯಲ್ಲ ಟೀಚರ್."

ಇಪೋದ ಶಾಲೆಗೆ ಮೂರು ದಿನ ರಜೆ ಹಾಕಿ ಬಂದಿದ್ದೇನೆ.
ನನ್ನ ಪುಸ್ತಕದಲ್ಲಿ ಇನ್ನೂರ ತೊಂಬತ್ತೊಂಬತ್ತು ಹಕ್ಕಿ.
ಮುನ್ನೂರನೆಯದು, ನೆತ್ತಿಯಲ್ಲಿ ದಂತದಂಥ ಕೊಂಬು ಹೊತ್ತ
ಆ ಮಂಗಟ್ಟೆಯೇ ಆಗಬೇಕೆಂದು ಒಂದು ಗೆರೆ ಖಾಲಿ ಬಿಟ್ಟು
ಎರಡು ವರ್ಷವಾಯಿತು; ಆಮೇಲೆ ಕಂಡವನ್ನೆಲ್ಲ
ಕೊನೆಯ ಪುಟದಲ್ಲಿ ಬಚ್ಚಿಟ್ಟಿದ್ದೇನೆ, ಎಣಿಸದೆ.

ಟಾರ್ಚಿನ ಬೆಳಕು ಮೊಳದುದ್ದ. ಅದರಾಚೆ ಅವನ ಹಿಮ್ಮಡಿ.
ಆನೆಯ ಲದ್ದಿಗೆ ಅಂಗೈಯಿಟ್ಟು ನೋಡಿ
ನಿನ್ನೆಯದು ಎಂಬಂತೆ ಕೈಯಾಡಿಸಿದ.
ಮೇಲೆಲ್ಲೋ ಬೆಳಕಾದದ್ದು ಮೊದಲು ತಿಳಿದದ್ದು ಸಿಯಾಮಾಂಗ್‌ಗಳಿಗೆ;
ಗಂಟಲ ಚೀಲ ಉಬ್ಬಿಸಿ ಕೂಗಿ ಕೂಗಿ
ನಮಗೂ ಹೇಳಿದವು.

ಆಗ, ಬಲಕ್ಕೆ, ದೂರ, ಟೊಕ್.
ಕಾಲೆತ್ತಿದ ಪಾಂಡಾಕ್ ಹಾಗೇ ನಿಂತ.
ಟೊಕ್.
ಒಂದು ಉಸಿರಿನಷ್ಟು ಬಿಡುವು. ಟೊಕ್.
"ಕಡಿಯುತ್ತಿದ್ದಾನೆ," ಎಂದ ಪಿಸುದನಿಯಲ್ಲಿ.
ಅತ್ತೆಯ ಕಾಟ ತಾಳದ ಅಳಿಯನೊಬ್ಬ,
ಕಂಬದ ಮೇಲಿನ ಅವಳ ಮನೆಗೆ ಕೊಡಲಿ ಹಾಕಿದವನು,
ಹಕ್ಕಿಯಾದ ಮೇಲೂ ಕಡಿಯುತ್ತಲೇ ಇದ್ದಾನಂತೆ.
ಟೊಕ್ ಟೊಕ್. ಟೊಕ್ಟೊಕ್ಟೊಕ್, ಮನೆ ವಾಲಿತು,
ಬಿತ್ತು, ಕಾಡಿಗೆ ಕಾಡೇ
ಹಹ್ಹಹ್ಹಹ್ಹಾ ಎಂದು ನಕ್ಕಿತು. ಮೈ ಜುಮ್ಮೆಂದಿತು.
ನನ್ನ ಅತ್ತೆಯೂ ನೆನಪಾದಳು, ಸುಳ್ಳೇಕೆ.

ದುರ್ಬೀನು ತಿರುಗಿಸಿದಲ್ಲೆಲ್ಲ ಎಲೆ. ಎಲೆಯ ಹಿಂದೆ ಮಂಜು.
"ನಿಮಗೆ ಅದರ ಕೂಗು ಬರುತ್ತದಂತಲ್ಲ,
ದೋಣಿಯ ಹುಡುಗ ಹೇಳಿದ. ಒಂದೇ ಸಲ ಕರೆಯಿರಿ."
ತುಟಿಯ ಮೇಲೆ ಎರಡು ಬೆರಳಿಟ್ಟುಕೊಂಡ,
ತೆಗೆಯಲಿಲ್ಲ ಬಹಳ ಹೊತ್ತು.

"ಕರೆದರೆ ಖಂಡಿತ ಬರುತ್ತದೆ.
ಹನ್ನೊಂದು ಬಂದಿದ್ದವು.
ಪಟ್ಟಣದವನು ಬಂದೂಕು ಹಿಡಿದು ನನ್ನ ಹಿಂದೆ ಕೂತಿರುತ್ತಿದ್ದ,
ಈಗ ನೀವು ಕೂತಿರುವ ಹಾಗೆ.
ಕೊಂಬು ಅವನಿಗೆ. ನನಗೆ ಅಕ್ಕಿ, ಸೀಮೆಎಣ್ಣೆ,
ಒಂದು ಸಲ ಮಗಳಿಗೆ ಚಪ್ಪಲಿ."

ಥರ್ಮಾಸಿನ ಕಾಫಿಯನ್ನು ಒಂದೇ ಮುಚ್ಚಳದಲ್ಲಿ ಹಂಚಿಕೊಂಡೆವು.
ರೆಕ್ಕೆಯ ಸದ್ದು ಮಾತ್ರ ನೆತ್ತಿಯ ಮೇಲೆ ಹಾದುಹೋಯಿತು,
ಯಾರೋ ಒದ್ದೆ ಕಂಬಳಿ ಕೊಡವಿದ ಹಾಗೆ;
ನಾನು ತಲೆಯೆತ್ತುವುದರೊಳಗೆ ಕೊಂಬೆ ಅಲ್ಲಾಡುತ್ತಿತ್ತು.
ಅವನು ಎತ್ತಲೇ ಇಲ್ಲ. ಬೆರಳು ಮಡಚಿ ಏನೋ ಎಣಿಸುತ್ತಿದ್ದ.

ಮುನ್ನೂರರ ಗೆರೆ ಹಾಗೇ ಇದೆ.
ಹಿಂತಿರುಗುವಾಗ ನೋಡಿದೆ: ಹೊಗೆಸೊಪ್ಪಿಗೂ ಜಗ್ಗದೆ
ಒಂದು ಇಂಬಳ, ಕುಡಿದು ದುಂಡಗಾಗಿ,
ಮೀನಖಂಡದ ಮೇಲೆ ನಿದ್ದೆಹೋಗಿತ್ತು.
ಕೀಳಹೋದೆ. ಪಾಂಡಾಕ್ ಕೈ ತಡೆದ.
"ತಾನೇ ಬೀಳುತ್ತದೆ."